ಚಿತ್ರಗಳ ಪಂಕ್ತಿ

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೆಲವರು ಹಳೆಯ ನಾಣ್ಯಗಳನ್ನು ಕೂಡಿಡುತ್ತಾರೆ; ಕೆಲವರು ಅಂಚೆಯ ಚೀಟಿಗಳನ್ನು. ನಮ್ಮ ಬೀದಿಯ ಹಿರಿಯರೊಬ್ಬರು ನಲವತ್ತು ವರ್ಷಗಳ ಪಂಚಾಂಗಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದಾರೆ. ಇವರನ್ನು ಕಂಡು ಯಾರೂ ನಗುವುದಿಲ್ಲ. ನಮ್ಮ ಹುಚ್ಚನ್ನು ಕೇಳಿದವರು ಮಾತ್ರ ಮೊದಲು ನಗುತ್ತಾರೆ, ಆಮೇಲೆ ಜಗಳಕ್ಕೆ ಬರುತ್ತಾರೆ. ನಾವು ನೋಡಿದ ಚಲಚ್ಚಿತ್ರಗಳಲ್ಲಿ ಮನಸ್ಸಿಗೆ ಹಿಡಿದವುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಯೋಗ್ಯತಾನುಸಾರವಾಗಿ, ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಕ್ರಮವಿಟ್ಟು ಬರೆದುಕೊಂಡು ಬಂದಿದ್ದೇವೆ. ಈ ಕೆಲಸ 1983ರಲ್ಲಿ ಹತ್ತು ಚಿತ್ರಗಳಿಂದ ಮೊದಲಾಯಿತು. ಈಗ 412ಕ್ಕೆ ಬಂದು ನಿಂತಿದೆ. ನಿಂತಿದೆ ಎನ್ನುವುದೂ ಸರಿಯಲ್ಲ. ಮುಂದಿನ ಭಾನುವಾರ ಏನಾಗುವುದೋ ಬಲ್ಲವರಾರು?

ಆಗ ನಾವು ಪೀಣ್ಯದಲ್ಲಿದ್ದೆವು. ಈಗಲೂ ಅಲ್ಲಿಗೆ ಕೂಗಳತೆಯ ದಾಸರಹಳ್ಳಿಯಲ್ಲಿದ್ದೇವೆ. ತುಮಕೂರು ರಸ್ತೆಯ ಮಗ್ಗುಲಲ್ಲಿ 1970ರ ದಶಕದಲ್ಲಿ ಬೆಳೆಯತೊಡಗಿದ ಆ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಮ್ಮ ಅಣ್ಣಯ್ಯನವರು ಟರ್ನರಾಗಿದ್ದು, ಮುಂದೆ ತಾವೇ ಎರಡು ಲೇತುಗಳನ್ನು ಹಾಕಿ ಒಂದು ಷೆಡ್ಡು ತೆರೆದರು. ಅದರ ಲೆಕ್ಕಪತ್ರ ಬರೆಯುವುದು ನಮ್ಮ ಪಾಲಿನ ಕೆಲಸ. ಶನಿವಾರ ಸಂಜೆ ಹುಡುಗರಿಗೆ ಬಟವಾಡೆ. ಭಾನುವಾರ ಬಸ್ಸು ಹತ್ತಿ ಯಶವಂತಪುರಕ್ಕೋ ರಾಜಾಜಿನಗರಕ್ಕೋ ಗಾಂಧಿನಗರಕ್ಕೋ ಹೋಗಿ ಒಂದು ಚಿತ್ರ. ಕೈಯಲ್ಲಿ ಕಾಸಿದ್ದರೆ ಬಾಲ್ಕನಿ, ಇಲ್ಲದಿದ್ದರೆ ತೆರೆಯ ಎದುರಿಗೇ ಗಾಂಧಿ ಕ್ಲಾಸು. ಹಿಂದಿರುಗುವಾಗ ಬಸ್ಸಿನಲ್ಲಿ ನಮ್ಮಿಬ್ಬರಿಗೂ ವಾದ ಹತ್ತುತ್ತಿತ್ತು: ಇದು ಮೇಲೋ, ಹೋದ ವಾರದ್ದು ಮೇಲೋ? ವಾದಕ್ಕೆ ಕೊನೆಗಾಣಿಸಲೆಂದು ಷೆಡ್ಡಿನಲ್ಲಿ ಮಿಕ್ಕಿದ್ದ ಒಂದು ಲೆಕ್ಕದ ಪುಸ್ತಕದಲ್ಲಿ ಬರೆಯಲು ಕುಳಿತೆವು. ಅದರಲ್ಲಿ ತಾರೀಖು, ಬಾಬ್ತು, ಮೊಬಲಗು, ಷರಾ ಎಂಬ ಕಾಲಮುಗಳು ಅಚ್ಚಾಗಿದ್ದುವು. ಬಾಬ್ತಿನಲ್ಲಿ ಚಿತ್ರದ ಹೆಸರು, ಮೊಬಲಗಿನಲ್ಲಿ ಅದರ ಸ್ಥಾನ, ಷರಾದಲ್ಲಿ ಒಂದು ಮಾತು. ಇಂದಿಗೂ ಅದೇ ಪದ್ಧತಿ. ಪುಸ್ತಕ ಮಾತ್ರ ಆರನೆಯದು.

ಹುಚ್ಚಿಗೂ ಒಂದು ಶಿಸ್ತು ಬೇಕಷ್ಟೆ. ನಾವು ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಕಣ್ಣಾರೆ ಪೂರ್ತಿ ನೋಡದ ಚಿತ್ರಕ್ಕೆ ಪ್ರವೇಶವಿಲ್ಲ. ಆದಕಾರಣ ಕನ್ನಡದ ತೆರೆಕಂಡ ಮೊದಲ ಮಾತಿನ ಚಿತ್ರವಾದ 1934ರ 'ಸತಿ ಸುಲೋಚನ'ಕ್ಕೆ ನಮ್ಮಲ್ಲಿ ಸ್ಥಾನ ದೊರೆಯದು. ಕೊಲ್ಲಾಪುರದ ಸ್ಟುಡಿಯೋದಲ್ಲಿ ತಯಾರಾದ ಆ ಚಿತ್ರದ ಪ್ರತಿ ಉಳಿದುಬಂದಿಲ್ಲ. ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತುವನ್ನೂ ತ್ರಿಪುರಾಂಬ ಅವರ ಸುಲೋಚನೆಯನ್ನೂ ನಾವು ಕೇಳಿ ಬಲ್ಲೆವೇ ಹೊರತು ಕಂಡವರಲ್ಲ. ಒಂದು ಸ್ಥಾನಕ್ಕೆ ಒಂದೇ ಚಿತ್ರ. ಸರಿಸಮಾನವೆಂಬ ಜಾರಿಕೆಯ ಉತ್ತರ ಸಲ್ಲದು. ಮತ್ತೆ ನೋಡಿದ ಹೊರತು ಯಾವ ಚಿತ್ರವನ್ನೂ ಮೇಲಕ್ಕೆತ್ತತಕ್ಕದ್ದಲ್ಲ, ಕೆಳಗಿಳಿಸತಕ್ಕದ್ದಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಕಟ್ಟಳೆ: ಅಂದು ಮಳೆ ಬಂದಿತ್ತೆ, ಜೇಬಿನಲ್ಲಿ ಹಣವಿತ್ತೆ, ಪಕ್ಕದಲ್ಲಿ ಯಾರು ಕುಳಿತಿದ್ದರು, ಇವು ಯಾವುವೂ ಲೆಕ್ಕಕ್ಕೆ ಬರಕೂಡದು. ಚಿತ್ರಕ್ಕೆ ಬೆಲೆ ಕಟ್ಟುವುದು, ನಮ್ಮ ದಿನಕ್ಕಲ್ಲ. ಈ ಕಟ್ಟಳೆಯನ್ನು ಬರೆದಾಗ ನಮಗೆ ಬಹಳ ಹೆಮ್ಮೆಯಾಗಿತ್ತು.

ನಮ್ಮ ಮನೆಯವರಿಗೆ ಈ ವ್ಯವಹಾರವೇ ಹಿಡಿಸದು. ಅವರಿಗೆ ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ತೆಗೆದ 'ಶರಪಂಜರ' ಎಂದರೆ ಪ್ರಾಣ. 1971ರ ಆ ಚಿತ್ರದ ಕಲ್ಪನಾ ಅವರನ್ನು ನೆನೆದು ಇಂದಿಗೂ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಅದು ಮೊದಲನೆಯದೇ ಎಂದು ಕೇಳಿದರೆ ಉತ್ತರ ಕೊಡುವುದಿಲ್ಲ. "ತವರಿನ ಅಣ್ಣತಮ್ಮಂದಿರನ್ನು ಒಂದು, ಎರಡು ಅಂತ ಎಣಿಸಿ ಪ್ರೀತಿಸುತ್ತಾರೇನ್ರೀ?" ಎಂದು ತಿರುಗಿ ಕೇಳುತ್ತಾರೆ. ಇದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಅವರಿಗಿರುವವರು ಐದು ಮಂದಿ ಅಣ್ಣತಮ್ಮಂದಿರು. ನಮ್ಮ ಪಟ್ಟಿಯಲ್ಲಿರುವುವು 412 ಎಂದು ಮಾತ್ರ ಹೇಳಬಹುದು.

ಪಟ್ಟಿ ಬೆಳೆದಂತೆಲ್ಲ ಕಷ್ಟವೂ ಬೆಳೆಯಿತು. ಮದುವೆಯ ಮನೆಯಲ್ಲಿ ಪಂಕ್ತಿ ಕುಳಿತ ಮೇಲೆ ಬೀಗರ ಕಡೆಯ ಹಿರಿಯರೊಬ್ಬರು ತಡವಾಗಿ ಬಂದರೆಂದುಕೊಳ್ಳಿ. ಅವರನ್ನು ಕೊನೆಯಲ್ಲಿ ಕೂರಿಸುವಂತಿಲ್ಲ. ನಡುವೆ ಜಾಗ ಮಾಡಬೇಕಾದರೆ ಅಲ್ಲಿಂದ ಆಚೆಯವರೆಲ್ಲರೂ ಎಲೆ ಹಿಡಿದುಕೊಂಡು ಸರಿಯಬೇಕು. ನಮ್ಮ ಪುಸ್ತಕದ ಗತಿಯೂ ಇದೇ. 2016ರಲ್ಲಿ 'ತಿಥಿ' ಬಂದಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಬಣ್ಣ ಹಚ್ಚಿ ಅಭ್ಯಾಸವಿಲ್ಲದ ಹಳ್ಳಿಯ ಜನರನ್ನೇ ನಿಲ್ಲಿಸಿ ರಾಮ್ ರೆಡ್ಡಿಯವರು ತೆಗೆದ ಆ ಚಿತ್ರವನ್ನು ನೋಡಿ ಬಂದು ಒಂಬತ್ತನೆಯ ಸ್ಥಾನದಲ್ಲಿ ಕೂರಿಸಿದೆವು. ಮುನ್ನೂರಕ್ಕೂ ಮಿಕ್ಕ ಎಲೆಗಳನ್ನು ಸರಿಸಬೇಕಾಯಿತು. ಎರಡು ಭಾನುವಾರ ಬೇರೆ ಚಿತ್ರಕ್ಕೆ ಹೋಗಲಾಗಲಿಲ್ಲ.

ಹೊಸ ಚಿತ್ರ ಬಂದಾಗ ಅದನ್ನು ಪಂಕ್ತಿಯ ಕಡೆಯಿಂದ ಒಂದೊಂದರ ಜೊತೆ ಹೋಲಿಸುತ್ತ ಮೇಲೇರುವುದು ನಮ್ಮ ಹಳೆಯ ಪದ್ಧತಿ. ಅಣ್ಣಯ್ಯನವರ ಮಗ ವೈಟ್‌ಫೀಲ್ಡಿನ ಒಂದು ತಂತ್ರಾಂಶದ ಕಚೇರಿಯಲ್ಲಿದ್ದಾನೆ. ಅವನು ಇದನ್ನು ನೋಡಿ, "ಚಿಕ್ಕಪ್ಪ, ನೀವು ನೂರಾರು ಪ್ರಶ್ನೆ ಕೇಳಿಕೊಳ್ಳುತ್ತೀರಿ. ಒಂಬತ್ತು ಸಾಕು" ಎಂದ. ನಟ್ಟನಡುವಿನ ಚಿತ್ರದ ಜೊತೆ ಮೊದಲು ಹೋಲಿಸಬೇಕಂತೆ. ಅದಕ್ಕಿಂತ ಮೇಲಾದರೆ ಕೆಳಗಿನ ಅರ್ಧವನ್ನು ಮರೆತುಬಿಡಬೇಕು. ಉಳಿದ ಅರ್ಧದ ನಡುವಿನದರ ಜೊತೆ ಮತ್ತೆ ಹೋಲಿಸಬೇಕು. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಐನೂರು ಚಿತ್ರಗಳಿದ್ದರೂ ಒಂಬತ್ತು ಹೋಲಿಕೆಯೊಳಗೆ ಜಾಗ ಸಿಕ್ಕಿಬಿಡುತ್ತದೆ. ಎರಡನ್ನು ಒಂಬತ್ತು ಸಲ ಗುಣಿಸಿದರೆ 512 ಆಗುವುದಲ್ಲವೆ? ಲೆಕ್ಕದವರಾದ ನಮಗೆ ಇದು ಮೂವತ್ತು ವರ್ಷ ಹೊಳೆಯದೆ ಹೋದದ್ದಕ್ಕೆ ನಾಚಿಕೆಯಾಯಿತು.

ಆದರೆ ಆ ಪದ್ಧತಿಯ ಹೊಟ್ಟೆಯಲ್ಲೂ ಒಂದು ಹುಳುಕಿದೆ. ಚಾಮಯ್ಯ ಮೇಷ್ಟರಾದ ಅಶ್ವತ್ಥರನ್ನು ನೆನೆದು 'ನಾಗರಹಾವು' 'ಮಯೂರ'ಕ್ಕಿಂತ ಮೇಲೆನ್ನುತ್ತೇವೆ. ಮಾತಿನ ಗಾಂಭೀರ್ಯವನ್ನು ನೆನೆದು 'ಮಯೂರ' 'ಗಂಧದ ಗುಡಿ'ಗಿಂತ ಮೇಲೆನ್ನುತ್ತೇವೆ. ಕಾಡಿನ ಚೆಲುವನ್ನು ನೆನೆದು 'ಗಂಧದ ಗುಡಿ' 'ನಾಗರಹಾವಿ'ಗಿಂತ ಮೇಲೆಂದು ಬಾಯಿ ತಪ್ಪಿ ಹೇಳಿಬಿಡುತ್ತೇವೆ. ಹಾವು ತನ್ನ ಬಾಲವನ್ನೇ ಕಚ್ಚಿಕೊಂಡಂತಾಯಿತು! ಬಹುಮತದಿಂದ ಆರಿಸುವಾಗ ಇಂಥ ಸುತ್ತು ಬೀಳುವುದುಂಟೆಂದು ಫ್ರಾನ್ಸಿನ ಕೊಂದೊರ್ಸೆ ಎಂಬ ವಿದ್ವಾಂಸ 1785ರಲ್ಲಿಯೇ ತೋರಿಸಿದ್ದನಂತೆ. ನಮ್ಮೊಬ್ಬರ ತಲೆಯೊಳಗೇ ಅಷ್ಟು ಮತದಾರರು ಇರುವರೆಂದು ನಾವು ತಿಳಿದಿರಲಿಲ್ಲ. ಇದನ್ನು ಹುಡುಗನಿಗೆ ಹೇಳಿದಾಗ, ಯಂತ್ರ ಕೇಳದ ಪ್ರಶ್ನೆಯನ್ನು ನೀವಾಗಿ ಕೇಳಿಕೊಳ್ಳಬೇಡಿ ಎಂದು ನಕ್ಕ.

ಲೋಕದ ದೊಡ್ಡ ದೊಡ್ಡ ವಿಮರ್ಶಕರ ಪಾಡೂ ನಮಗಿಂತ ಹೆಚ್ಚು ನೆಟ್ಟಗಿಲ್ಲ. ಲಂಡನ್ನಿನಿಂದ ಹೊರಡುವ 'ಸೈಟ್ ಅಂಡ್ ಸೌಂಡ್' ಎಂಬ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತವೆತ್ತಿ, ಲೋಕದ ಶ್ರೇಷ್ಠ ಚಿತ್ರಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಮೊದಲ ಸಲ ಇಟಲಿಯ 'ಬೈಸಿಕಲ್ ಥೀವ್ಸ್' ತಲೆಯ ಮೇಲಿತ್ತು. ಸೈಕಲ್ಲು ಕಳೆದುಕೊಂಡ ಕೂಲಿಗಾರನ ಕಥೆ. ಸತ್ಯಜಿತ್ ರಾಯರು 1950ರಲ್ಲಿ ಲಂಡನ್ನಿನಲ್ಲಿ ಅದನ್ನು ನೋಡಿದ ಮೇಲೆಯೇ ತಾವೂ ಚಿತ್ರ ತೆಗೆಯುವುದೆಂದು ಗಟ್ಟಿಮಾಡಿಕೊಂಡರು. ಹತ್ತೇ ವರ್ಷದಲ್ಲಿ ಅದು ಕೆಳಗಿಳಿದು 'ಸಿಟಿಜನ್ ಕೇನ್' ಮೇಲೇರಿತು; 2002ರ ಪಟ್ಟಿಯವರೆಗೂ ಕದಲಲಿಲ್ಲ. 2012ರಲ್ಲಿ 'ವರ್ಟಿಗೋ' ಅದನ್ನು ದಬ್ಬಿತು. 2022ರಲ್ಲಿ ಒಂದೂವರೆ ಸಾವಿರಕ್ಕೂ ಮಿಕ್ಕ ಜನ ಮತವಿತ್ತು, ಶಾಂತಾಲ್ ಅಕರ್ಮನ್ ಎಂಬ ಬೆಲ್ಜಿಯಮ್ಮಿನ ಹೆಂಗಸು 1975ರಲ್ಲಿ ತೆಗೆದ ಚಿತ್ರವನ್ನು ಮೊದಲಾಗಿ ಆರಿಸಿದರು. ಒಬ್ಬ ಗೃಹಿಣಿ ಅಡಿಗೆಮನೆಯಲ್ಲಿ ಆಲೂಗಡ್ಡೆಯ ಸಿಪ್ಪೆ ಹೆರೆಯುವುದನ್ನು ಅದರಲ್ಲಿ ಬಹಳ ಹೊತ್ತು ತೋರಿಸುತ್ತಾರೆ. ನಮ್ಮ ಮನೆಯವರಿಗೆ ಇದನ್ನು ಹೇಳಿದಾಗ, ಈಗಲಾದರೂ ಗಂಡಸರ ಕಣ್ಣಿಗೆ ಬಿತ್ತಲ್ಲ ಎಂದರು. ಚಿತ್ರಗಳೇನೋ ಇದ್ದಂತೆಯೇ ಇದ್ದುವು, ನೋಡುವವರು ಬದಲಾದರು. ನಮ್ಮಲ್ಲಿ 'ಭೂತಯ್ಯನ ಮಗ ಅಯ್ಯು' ಇಪ್ಪತ್ತೆರಡು ವರ್ಷಗಳಿಂದ ಮೊದಲನೆಯದಾಗಿ ಕುಳಿತಿದೆ. ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಲೋಕನಾಥರು ಉಪ್ಪಿನಕಾಯಿ ನೆಕ್ಕುವ ಆ ಒಂದು ಘಟ್ಟಕ್ಕೇ ಹತ್ತು ಚಿತ್ರಗಳನ್ನು ತೂಗಿಕೊಡಬಹುದು. ಲಂಡನ್ನಿನವರು ಅದನ್ನು ನೋಡಿಲ್ಲದಿದ್ದರೆ ನಷ್ಟ ಅವರಿಗೆ.

ಇಷ್ಟು ಹೊತ್ತು ನಾವು ಹೇಳಬೇಕಾದದ್ದನ್ನು ಹೇಳದೆ ಸುತ್ತುತ್ತಿದ್ದೇವೆಂದು ವಾಚಕರು ಊಹಿಸಿರಬಹುದು. ನಿಷ್ಪಕ್ಷಪಾತವೆಂದು ನಾವು ಕೊಂಡಾಡಿಕೊಳ್ಳುವ ಈ ಪುಸ್ತಕದಲ್ಲಿ ಒಂದು ಸುಳ್ಳು ಲೆಕ್ಕವಿತ್ತು.

1983ರ ಮೊದಲ ಹತ್ತರಲ್ಲಿ ಎರಡನೆಯದು 'ಕಸ್ತೂರಿ ನಿವಾಸ'. ಅಣ್ಣಯ್ಯನವರ ಮಟ್ಟಿಗೆ ಅದೇ ಮೊದಲನೆಯದು. 1971ರಲ್ಲಿ ದೊರೈ-ಭಗವಾನರು ನಿರ್ದೇಶಿಸಿದ, ರಾಜಕುಮಾರರು ಅಭಿನಯಿಸಿದ ಆ ಕಪ್ಪುಬಿಳುಪಿನ ಚಿತ್ರವನ್ನು ಅವರು ಹುಡುಗರಾಗಿದ್ದಾಗ ಊರಿನ ಟೆಂಟಿನಲ್ಲಿ ನೆಲದ ಮೇಲೆ ಕುಳಿತು ನೋಡಿದ್ದರು. ಬೆಂಕಿಪೆಟ್ಟಿಗೆಯ ಕಾರ್ಖಾನೆಯ ಒಡೆಯನೊಬ್ಬ ಕೊಡುವುದನ್ನು ಬಿಡಲಾರ. ತಾನು ಬೆಳೆಸಿದವನ ಎದುರಿಗೇ ವ್ಯಾಪಾರದಲ್ಲಿ ಸೋತು, ಹುಟ್ಟಿ ಬೆಳೆದ ಮನೆಯನ್ನೂ ಕಳೆದುಕೊಳ್ಳುತ್ತಾನೆ. ಕೊನೆಗೆ ಸಾಕಿದ ಪಾರಿವಾಳವೂ ಉಳಿಯುವುದಿಲ್ಲ. ಉರುಳಿಸಿದರೂ ಎದ್ದು ನಿಲ್ಲುವ ಗೊಂಬೆಯ ಹಾಡು ಆ ಚಿತ್ರದ್ದೇ. ಕನ್ನಡದಲ್ಲಿ ನಡೆದ ಮೇಲೆ ಶಿವಾಜಿ ಗಣೇಶನ್ನರು 1975ರಲ್ಲಿ ತಮಿಳಿನಲ್ಲಿ ಅದೇ ಪಾತ್ರವನ್ನು ವಹಿಸಿದರು.

ಅಣ್ಣಯ್ಯನವರು ಆ ಚಿತ್ರವನ್ನು ನೋಡಿ ಹಾಗಾದರೋ, ಹಾಗಿದ್ದುದರಿಂದಲೇ ಅದು ಅವರಿಗೆ ಹಿಡಿಸಿತೋ, ಹೇಳಲಾರೆವು. ಷೆಡ್ಡಿಗೆ ಕೆಲಸ ಕಲಿಯಲು ಬಂದ ಹುಡುಗರಿಗೆ ಊಟ ಹಾಕುವರು, ಹಾಸ್ಟೆಲಿನ ಬಾಡಿಗೆ ಕಟ್ಟುವರು, ತಂಗಿಯ ಮದುವೆಯೆಂದರೆ ಮುಂಗಡ ಕೊಡುವರು. ಮುಂಗಡ ಹಿಂದಿರುಗಿದ್ದು ಕಡಮೆ. ದೊಡ್ಡ ಕಾರ್ಖಾನೆಗಳಿಂದ ಬರತಕ್ಕ ಹಣ ಮೂರು ಮೂರು ತಿಂಗಳು ತಡವಾಗುತ್ತಿದ್ದ ಆ ಕಾಲದಲ್ಲಿ ಲೆಕ್ಕದ ಪುಸ್ತಕ ಹಿಡಿದು ನಾವು ಎಷ್ಟು ಕೂಗಾಡಿದರೂ, "ಆಗ್ಲಿ ಬಿಡೋ, ಹುಡುಗ ತಾನೆ" ಎಂದುಬಿಡುವರು. ಅವರೇ ಕೈ ಹಿಡಿದು ಕಲಿಸಿದ ಒಬ್ಬ ಎರಡು ಬೀದಿಯಾಚೆ ತನ್ನದೇ ಷೆಡ್ಡು ಹಾಕಿದ. ನಮಗೆ ಬರುತ್ತಿದ್ದ ಕೆಲಸ ಕಡಮೆ ದರಕ್ಕೆ ಅವನಲ್ಲಿಗೆ ಹೋಯಿತು. ಅವನ ಷೆಡ್ಡಿನ ಪೂಜೆಗೆ ಅಣ್ಣಯ್ಯನವರು ಹಣ್ಣು ಹೂವು ತೆಗೆದುಕೊಂಡು ಹೋದರು. ನಾವು ಹೋಗಲಿಲ್ಲ. 1996ರಲ್ಲಿ ಲೇತುಗಳು ಮಾರಾಟವಾಗಿ ಲಾರಿ ಹತ್ತಿದುವು.

ಆ ವಾರವೇ ಟೆಲಿವಿಷನ್ನಿನಲ್ಲಿ 'ಕಸ್ತೂರಿ ನಿವಾಸ' ಬಂದಿತು. ಅಣ್ಣಯ್ಯನವರು ನಮ್ಮ ಮನೆಗೆ ಬಂದು ಕುಳಿತು ನೋಡಿದರು. ಚಿತ್ರ ಮುಗಿದ ಮೇಲೆ ನಾವು ಪುಸ್ತಕ ತೆಗೆದು, ಅವರ ಎದುರಿಗೇ ಎರಡನೆಯದನ್ನು ಹೊಡೆದು ಮೂವತ್ತೇಳನೆಯದಾಗಿ ಬರೆದೆವು. ಷರಾ: 'ವ್ಯವಹಾರ ತಿಳಿಯದವನ ಕಥೆ.' ಮತ್ತೆ ನೋಡಿಯೇ ಸ್ಥಾನ ಬದಲಿಸಿದ್ದರಿಂದ ಕಟ್ಟಳೆಯನ್ನು ಮುರಿದಂತಾಗಲಿಲ್ಲ. ಕಟ್ಟಳೆಯ ಮರೆಯಲ್ಲಿ ನಿಂತು ಹೊಡೆದಂತಾಯಿತು. ಅಣ್ಣಯ್ಯನವರು ಪುಟವನ್ನು ಓದಿ, ಕನ್ನಡಕ ಮಡಿಸಿ, ಕಾಫಿ ಇದ್ದರೆ ಕೊಡಮ್ಮ ಎಂದು ಒಳಗೆ ಹೋದರು. ಆಮೇಲೆ ಹದಿನೆಂಟು ವರ್ಷ ನಮ್ಮಿಬ್ಬರಲ್ಲಿ ಆ ಮಾತು ಬರಲಿಲ್ಲ.

2014ರಲ್ಲಿ 'ಕಸ್ತೂರಿ ನಿವಾಸ'ಕ್ಕೆ ಬಣ್ಣ ತುಂಬಿ ಮತ್ತೆ ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಿದರು. ಅದೇ ವರ್ಷ ಮಾರ್ಚಿಯಲ್ಲಿ ನಮ್ಮ ಪೀಣ್ಯದಿಂದ ಸಂಪಿಗೆ ರಸ್ತೆಯವರೆಗೆ ಮೆಟ್ರೋ ರೈಲು ಓಡತೊಡಗಿತ್ತು. ಅಣ್ಣಯ್ಯನವರಿಗೆ ಮಂಡಿನೋವು, ಬಸ್ಸು ಹತ್ತಲಾರರು, ರೈಲಾದರೆ ಬರುತ್ತೇನೆಂದರು. ಸಂಪಿಗೆ ರಸ್ತೆಯಲ್ಲಿಳಿದು ಆಟೋ ಮಾಡಿಕೊಂಡು ಗಾಂಧಿನಗರಕ್ಕೆ ಹೋದೆವು. ಮಂದಿರ ತುಂಬಿತ್ತು. ಬಿಳಿ ಕೂದಲಿನವರು ಮಕ್ಕಳಂತೆ ಶಿಳ್ಳೆ ಹೊಡೆದರು. ಹಿಂದಿರುಗುವಾಗ ರೈಲು ತುಮಕೂರು ರಸ್ತೆಯ ಮೇಲೆ ಹೋಗುತ್ತಿರಲು, ಕೆಳಗಿನ ಷೆಡ್ಡುಗಳ ತಗಡುಗಳನ್ನು ನೋಡುತ್ತ ಅಣ್ಣಯ್ಯನವರು ಹೇಳಿದರು: "ಮೂವತ್ತೇಳು ಅಂತ ಬರೆದೆಯಲ್ಲ, ಅದು ಸಿನಿಮಾಕ್ಕೆ ಕೊಟ್ಟ ನಂಬರಲ್ಲ ಕಣೋ. ನನಗೆ ಕೊಟ್ಟದ್ದು." ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದರು. ಒಂದೆರಡು ನಿಲ್ದಾಣ ಕಳೆದ ಮೇಲೆ, "ಇಪ್ಪತ್ತರೊಳಗೆ ಬರೋ ಹಾಗಿದ್ದರೆ ನೋಡು" ಎಂದೂ ಸೇರಿಸಿದರು.

ನಾವೇನು ಮಾಡಿದೆವು? ಬಣ್ಣ ತುಂಬಿದ್ದು ಬೇರೆಯ ಚಿತ್ರ, ಅದನ್ನು ನೋಡಿದರೆ ಮೂಲವನ್ನು ನೋಡಿದಂತಾಗದು ಎಂಬ ಹೊಸ ಕಟ್ಟಳೆಯೊಂದನ್ನು ಅಂದೇ ರಾತ್ರಿ ಹುಟ್ಟಿಸಿ ಸುಮ್ಮನಾದೆವು. ಇಂಥ ಕಟ್ಟಳೆಗಳಿಗೆ ಹೆಸರೇನೆಂದು ವಕೀಲರು ಬಲ್ಲರು.

2019ರಲ್ಲಿ ಅಣ್ಣಯ್ಯನವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಷೆಡ್ಡಿನ ಹಳೆಯ ಹುಡುಗರು, ಈಗ ಅವರಿಗೂ ಐವತ್ತು ದಾಟಿದೆ, ಹನ್ನೊಂದು ಮಂದಿ ಬಂದರು. ಎಲೆ ಹಾಕಿ ಬಡಿಸಿದವರು ಅವರೇ. ಎರಡು ಬೀದಿಯಾಚೆ ಷೆಡ್ಡು ಹಾಕಿದವನು ಸಾರಿನ ಬಕೆಟ್ಟು ಹಿಡಿದಿದ್ದ.

ಆ ಮೇಲೆ ಪುಸ್ತಕವನ್ನು ತೆರೆದಾಗಲೆಲ್ಲ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನಮ್ಮ ಪಟ್ಟಿಯ ಸ್ವಭಾವವೆಂದರೆ, ನೀವು ಮುಟ್ಟದೆ ಬಿಟ್ಟ ಚಿತ್ರವೂ ಇದ್ದಲ್ಲಿ ಇರುವುದಿಲ್ಲ. ಮೇಲೊಂದು ಹೊಸದು ಸೇರಿದಾಗಲೆಲ್ಲ ಅದೊಂದು ಮೆಟ್ಟಿಲು ಇಳಿಯುತ್ತದೆ. ಮೂವತ್ತೇಳಿದ್ದದ್ದು ನಲವತ್ತಾರಾಯಿತು, ಐವತ್ತೈದಾಯಿತು, ಅರವತ್ತನಾಲ್ಕಾಯಿತು. ಪ್ರೀತಿಯಿಂದ ಎತ್ತಿ ಮೊದಲನೆಯದರಲ್ಲಿ ಇಟ್ಟುಬಿಡಿ, ಯಾರು ಕೇಳುತ್ತಾರೆ ಎಂದು ಮನೆಯವರು ಹೇಳಿದರು. ಆದರೆ ಸಿಟ್ಟಿನಿಂದ ಬರೆದದ್ದನ್ನು ದುಃಖದಿಂದ ತಿದ್ದಿದರೆ ಎರಡು ಸುಳ್ಳಾಗುವುದಲ್ಲವೆ? ನೋಡಿಯೇ ತಿದ್ದಬೇಕು. ನೋಡುವ ಧೈರ್ಯ ಮಾತ್ರ ಐದು ವರ್ಷ ಬರಲಿಲ್ಲ.

2024ರ ಯುಗಾದಿಗೆ ಹುಡುಗ ವೈಟ್‌ಫೀಲ್ಡಿನ ತನ್ನ ಮನೆಗೆ ಕರೆದ. ಈಗ ಅಲ್ಲಿಗೂ ರೈಲಾಗಿದೆ; ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಬದಲಿಸಿದರೆ ಸಾಕು. ಒಬ್ಬಟ್ಟಿನ ಊಟವಾದ ಮೇಲೆ, ಕೇಳದೆಯೇ, ಅವನು ಗೋಡೆಯ ದೊಡ್ಡ ತೆರೆಯ ಮೇಲೆ ಆ ಕಪ್ಪುಬಿಳುಪಿನ ಚಿತ್ರವನ್ನೇ ಹಾಕಿದ. ಲೇತುಗಳು ಲಾರಿ ಹತ್ತಿದಾಗ ಅವನಿಗೆ ಹನ್ನೆರಡು ವರ್ಷ. ಅವನ ಮಗಳು ಏಳು ವರ್ಷದವಳು, ಗೊಂಬೆಯ ಹಾಡು ಬಂದಾಗ ನಮ್ಮ ಮಗ್ಗುಲಿಗೆ ಬಂದು ಕುಳಿತಳು. ಹಿಂದೆ ನೋಡುವಾಗ ನಮಗೆ ಆ ಒಡೆಯನ ಕೈಯಿಂದ ಹೋಗುವ ಹಣವೇ ಕಾಣುತ್ತಿತ್ತು. ಪ್ರತಿಯೊಂದು ದೃಶ್ಯಕ್ಕೂ ಮನಸ್ಸಿನಲ್ಲೇ ಖರ್ಚು ಬರೆದುಕೊಳ್ಳುತ್ತಿದ್ದೆವು. ಈ ಸಲ ರಾಜಕುಮಾರರ ಮುಖವನ್ನು ನೋಡಿದೆವು. ಕೊಡುವಾಗ ಆ ಮುಖದಲ್ಲಿ ತ್ಯಾಗದ ಭಾವವೇ ಇಲ್ಲ. ಬೇರೆ ಬಗೆಯಲ್ಲಿ ಇರಲು ಬಾರದವನ ಮುಖ ಅದು. ಅದೇನೂ ನಮಗೆ ಹೊಸ ಮುಖವಲ್ಲ. ಆದರೂ ಉತ್ತರಾರ್ಧ ಸ್ವಲ್ಪ ಎಳೆಯಿತೆಂಬುದನ್ನೂ ಹೇಳಲೇಬೇಕು.

ಮನೆಗೆ ಬಂದು ಪುಸ್ತಕ ತೆಗೆದು, ಅದನ್ನು ಪಂಕ್ತಿಯಿಂದ ಎಬ್ಬಿಸಿ, ಹೊಸದೆಂಬಂತೆ ಒಂಬತ್ತು ಪ್ರಶ್ನೆಗಳನ್ನು ಕೇಳಿಕೊಂಡೆವು. 206ನೆಯದು, 103ನೆಯದು, 51ನೆಯದು, 25ನೆಯದು ಮಾತಿಲ್ಲದೆ ಜಾಗ ಬಿಟ್ಟುವು. 12ನೆಯದಾದ 'ಚೋಮನ ದುಡಿ' ಬಿಡಲಿಲ್ಲ. 18ರ 'ಸಂತ ತುಕಾರಾಮ್', 1936ರ ಆ ಮರಾಠಿ ಚಿತ್ರ, ಬಿಡಲಿಲ್ಲ. 21ರಲ್ಲಿ 'ಬೇಡರ ಕಣ್ಣಪ್ಪ', ಇಲ್ಲಿ ಬಹಳ ಹೊತ್ತು ಕುಳಿತೆವು, ಅದೂ ಬಿಡಲಿಲ್ಲ. 23ರ 'ಪುಷ್ಪಕ ವಿಮಾನ' ಮಾತೇ ಇಲ್ಲದ ಚಿತ್ರ, ಮಾತಿಲ್ಲದೆಯೇ ಸರಿಯಿತು. ಒಂಬತ್ತನೆಯ ಪ್ರಶ್ನೆ 22ರ 'ಗೆಜ್ಜೆಪೂಜೆ'. ಅದರ ಮುಂದೆ ಮಾತ್ರ ಸೋತಿತು.

ಇಪ್ಪತ್ತಮೂರು. ಅಣ್ಣಯ್ಯನವರು ಕೇಳಿದ್ದು ಇಪ್ಪತ್ತರೊಳಗೆ. ಮನೆಯವರು ಬಂದು ಹೆಗಲ ಮೇಲಿಂದ ನೋಡಿ, "ಇನ್ನು ಮೂರು ತಾನೆ, ಬರೆದುಬಿಡಬಾರದೆ?" ಎಂದರು. ಬರೆಯಲಿಲ್ಲ. ಷರಾ ಕಾಲಮಿನಲ್ಲಿ 1996ರ ಮಾತನ್ನು ಹೊಸ ಪುಟಕ್ಕೆ ಇಳಿಸಲಿಲ್ಲ. ನೋಡಿದ ದಿನವನ್ನೂ, ಅಣ್ಣಯ್ಯನವರ ಮಗನ ಮನೆ ಎಂಬುದನ್ನೂ ಬರೆದೆವು. ಆ ಬಳಿಕ ಇಪ್ಪತ್ತಮೂರರಿಂದ ಅರವತ್ತಮೂರರವರೆಗಿನ ಎಲೆಗಳನ್ನು ಒಂದೊಂದಾಗಿ ಸರಿಸಬೇಕಾಗಿತ್ತು. ಮುಗಿಯುವ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು.